ಮೂರು ತಿಂಗಳ ಪ್ರತಿಜ್ಞೆ: ಡಬ್ಲಿನ್‌ನ ಕೂಲಿಯಾಳು ಮ್ಯಾಟ್ ಟಾಲ್ಬೋಟ್

ಪಾಪನಿವೇದನೆಗೆ ಮೊಣಕಾಲೂರುವಾಗ ನಮ್ಮಲ್ಲಿ ಹೆಚ್ಚಿನವರನ್ನು ಒಂದು ನಾಚಿಕೆ ಕಾಡುತ್ತದೆ. ಅದು ಪಾಪ ಮಾಡಿದ ನಾಚಿಕೆಯಲ್ಲ, ಕಳೆದ ಸಲ ಹೇಳಿದ್ದನ್ನೇ ಈ ಸಲವೂ ಹೇಳಬೇಕಲ್ಲ ಎಂಬ ನಾಚಿಕೆ. ಅದೇ ಸಿಟ್ಟು, ಅದೇ ಸುಳ್ಳು, ಅದೇ ಚಟ. ಗುರುಗಳ ಮುಂದೆ ಇನ್ನು ಮಾಡುವುದಿಲ್ಲ ಎಂದು ಹೇಳಿ ಹೊರಗೆ ಬರುತ್ತೇವೆ. ವಾರ ಕಳೆಯುವಷ್ಟರಲ್ಲಿ ಕಾಲು ಮತ್ತೆ ಅದೇ ದಾರಿ ಹಿಡಿದಿರುತ್ತದೆ. ಕೆಲವರು ಈ ಕಾರಣಕ್ಕೇ ಪಾಪನಿವೇದನೆಗೆ ಹೋಗುವುದನ್ನೇ ಬಿಟ್ಟುಬಿಟ್ಟಿದ್ದಾರೆ. ಸಂತ ಪೌಲರು ರೋಮಿನ ಕ್ರೈಸ್ತರಿಗೆ ಬರೆದ ಪತ್ರದ 7ನೇ ಅಧ್ಯಾಯವನ್ನು ಒಮ್ಮೆ ಬಿಡಿಸಿ ಓದಿದರೆ ಈ ತೊಳಲಾಟ ನಮ್ಮೊಬ್ಬರದ್ದೇ ಅಲ್ಲ ಎಂದು ಗೊತ್ತಾಗುತ್ತದೆ. ಬೇಕೆಂದ ಒಳಿತನ್ನು ಮಾಡಲಾಗದೆ, ಬೇಡವೆಂದ ಕೆಡುಕನ್ನೇ ಮಾಡುತ್ತಿರುವ ತಮ್ಮ ಸಂಕಟವನ್ನು ಅಪೊಸ್ತಲರೇ ಅಲ್ಲಿ ತೋಡಿಕೊಂಡಿದ್ದಾರೆ.

ಈ ಹೋರಾಟದ ಮಾತು ಬಂದಾಗ ಎಲ್ಲರೂ ಸಂತ ಅಗಸ್ಟೀನರನ್ನು ನೆನೆಯುತ್ತಾರೆ. ಅವರು ಮಹಾ ಪಂಡಿತರು, ಧರ್ಮಾಧ್ಯಕ್ಷರು. ಅವರ ಪುಸ್ತಕವನ್ನು ಪ್ರೀತಿಯಿಂದ ಓದಿ, ಅದರಂತೆ ಬದುಕಿದ ಒಬ್ಬ ಕೂಲಿಯಾಳಿನ ಕಥೆಯನ್ನು ನಾವು ಇಂದು ಹೇಳಲು ಬಯಸುತ್ತೇವೆ. ಆತ ಐರ್ಲೆಂಡಿನ ಡಬ್ಲಿನ್ ನಗರದ ಮ್ಯಾಟ್ ಟಾಲ್ಬೋಟ್. ಪ್ರವಚನ ನೀಡಿದವರಲ್ಲ, ಸಭೆ ಸ್ಥಾಪಿಸಿದವರಲ್ಲ, ಪುಸ್ತಕ ಬರೆದವರಲ್ಲ. ಹದಿನಾರು ವರ್ಷ ಕುಡಿದರು, ನಲವತ್ತೊಂದು ವರ್ಷ ಕುಡಿಯದೆ ಇದ್ದರು. ಹೊರಗಿನಿಂದ ನೋಡಿದರೆ ಅವರ ಜೀವನ ಚರಿತ್ರೆ ಇಷ್ಟೇ. 2025ರ ಜೂನ್ 7ಕ್ಕೆ ಅವರು ತೀರಿಕೊಂಡು ನೂರು ವರ್ಷ ತುಂಬಿತು.

ಮ್ಯಾಟ್ ಹುಟ್ಟಿದ್ದು 1856ರ ಮೇ 2ರಂದು. ತಂದೆ ಚಾರ್ಲ್ಸ್, ತಾಯಿ ಎಲಿಜಬೆತ್. ಹನ್ನೆರಡು ಮಕ್ಕಳಲ್ಲಿ ಈತ ಎರಡನೆಯವನು. ತಂದೆಗೆ ಬಂದರಿನಲ್ಲಿ ಕೆಲಸ. ಡಬ್ಲಿನ್ ಆಗ ಬಡವರ ವಠಾರಗಳ ಊರು. ಹಿಂದೆ ಶ್ರೀಮಂತರು ಬಾಳಿದ್ದ ದೊಡ್ಡ ಮನೆಗಳು ಹಾಳುಬಿದ್ದು, ಒಂದೊಂದು ಕೋಣೆಯಲ್ಲಿ ಒಂದೊಂದು ಸಂಸಾರ ತುಂಬಿಕೊಂಡಿತ್ತು. ಟಾಲ್ಬೋಟ್ ಸಂಸಾರವೂ ಮೇಲಿಂದ ಮೇಲೆ ಮನೆ ಬದಲಾಯಿಸುತ್ತಾ ಆ ಭಾಗದ ಓಣಿಗಳಲ್ಲೇ ಬಾಳಿತು. ಕುಡಿತವೂ ಆ ಊರಿನ ಗಾಳಿಯಲ್ಲೇ ಇತ್ತು. ಐರ್ಲೆಂಡಿನಲ್ಲಿ 1838ರಲ್ಲಿ ಕಾರ್ಕ್ ನಗರದಿಂದ ಪಾನವಿರೋಧಿ ಚಳವಳಿ ಆರಂಭಿಸಿ ಲಕ್ಷಾಂತರ ಜನರಿಂದ ಪ್ರತಿಜ್ಞೆ ಮಾಡಿಸಿದ ಕಪುಚಿನ್ ಗುರು ವಂ. ಥಿಯೋಬಾಲ್ಡ್ ಮ್ಯಾಥ್ಯೂ ತೀರಿಕೊಂಡದ್ದು ಮ್ಯಾಟ್ ಹುಟ್ಟಿದ ವರ್ಷದ ಡಿಸೆಂಬರಿನಲ್ಲಿ. ನಡುವೆ ಬಂದ ಭೀಕರ ಬರಗಾಲ ಆ ಚಳವಳಿಯನ್ನು ಬಹುಪಾಲು ನುಂಗಿಹಾಕಿತ್ತು. ಚಾರ್ಲ್ಸ್‌ಗೂ ಕುಡಿಯುವ ಅಭ್ಯಾಸವಿತ್ತು. ಗಂಡುಮಕ್ಕಳಲ್ಲಿ ಹಿರಿಯವನಾದ ಜಾನ್ ಒಬ್ಬನನ್ನು ಬಿಟ್ಟರೆ ಉಳಿದವರೆಲ್ಲ ಅದೇ ದಾರಿ ಹಿಡಿದರು.

ಹುಡುಗನ ಓದು ಹೆಸರಿಗೆ ಮಾತ್ರ. ಕ್ರಿಶ್ಚಿಯನ್ ಬ್ರದರ್ಸ್ ಸಭೆಯವರ ಶಾಲೆಗೆ ಸೇರಿಸಿದರೂ ತಪ್ಪಿಸಿಕೊಂಡು ತಿರುಗುವುದೇ ಹೆಚ್ಚಾಯಿತು. ಹನ್ನೆರಡನೇ ವಯಸ್ಸಿಗೆ, ಅಂದರೆ 1868ರಲ್ಲಿ, ಮದ್ಯ ವ್ಯಾಪಾರಿಗಳ ಅಂಗಡಿಯೊಂದರಲ್ಲಿ ಕೆಲಸಕ್ಕೆ ಸೇರಿದ. ಬಾಟಲಿಗಳಿಗೆ ಬಿಯರು ತುಂಬುವ ಕೆಲಸ. ಬಾಟಲಿಯ ತಳದಲ್ಲಿ ಉಳಿದದ್ದನ್ನು ಹುಡುಗರು ಕುಡಿಯುತ್ತಿದ್ದರು. ಒಂದು ವರ್ಷವಾಗುವಷ್ಟರಲ್ಲಿ ಹುಡುಗ ಅಮಲಿನಲ್ಲಿ ಮನೆಗೆ ಬರತೊಡಗಿದ. ತಂದೆ ಹೊಡೆದು ಬುದ್ಧಿ ಹೇಳಿದರು, ಆ ಕೆಲಸ ಬಿಡಿಸಿ ತಮ್ಮ ಜೊತೆ ಬಂದರಿಗೆ ಕರೆದುಕೊಂಡು ಹೋದರು. ದುರ್ದೈವವೆಂದರೆ ಬಂದರಿನ ಆ ಗೋದಾಮುಗಳಲ್ಲಿ ಇದ್ದದ್ದು ವಿಸ್ಕಿ! ಬಿಯರು ಬಿಡಿಸಲು ಹೋಗಿ ವಿಸ್ಕಿಯ ಪೀಪಾಯಿಯ ಪಕ್ಕದಲ್ಲೇ ತಂದು ನಿಲ್ಲಿಸಿದಂತಾಯಿತು. ಮಕ್ಕಳನ್ನು ಒಂದು ಚಟದಿಂದ ಪಾರುಮಾಡಲು ಊರು ಬಿಡಿಸಿ ಬೇರೆ ಕಡೆ ಕಳುಹಿಸುವ ತಂದೆತಾಯಿಗಳನ್ನು ನಾವೂ ಕಂಡಿದ್ದೇವೆ. ಹೋದ ಊರಿನಲ್ಲಿ ಏನು ಕಾದಿದೆಯೆಂದು ಪಾಪ ಅವರಿಗೆ ಹೇಗೆ ತಿಳಿಯಬೇಕು?

ತಂದೆಗೆ ಅವಮಾನವಾಗಬಾರದೆಂದು ಮ್ಯಾಟ್ ಆ ಕೆಲಸವನ್ನೂ ಬಿಟ್ಟು, ಕಟ್ಟಡ ಕಟ್ಟುವಲ್ಲಿ ಇಟ್ಟಿಗೆ ಗಾರೆ ಹೊರುವ ಕೂಲಿಗೆ ಸೇರಿಕೊಂಡ. ದುಡಿತದಲ್ಲಿ ಯಾರಿಗೂ ಕಡಿಮೆ ಇರಲಿಲ್ಲ. ಆದರೆ ಶನಿವಾರ ಸಿಕ್ಕಿದ ಕೂಲಿ ಅಂದೇ ಶರಾಬು ಅಂಗಡಿಯವನ ಕೈಗೆ. ಅದು ಮುಗಿಯುವ ತನಕ ಕುಡಿತ, ಮುಗಿದ ಮೇಲೆ ಸಾಲ. ಸಾಲ ಹುಟ್ಟದಿದ್ದರೆ ಅಂಗಡಿಯ ಹೊರಗೆ ಗಿರಾಕಿಗಳ ಕುದುರೆ ಹಿಡಿದು ನಿಂತು ಸಿಕ್ಕಿದ ಚಿಲ್ಲರೆ ಕಾಸಿನಲ್ಲಿ ಕುಡಿತ. ಕಾಲಿನ ಬೂಟು ಅಡವಿಟ್ಟು ಬರಿಗಾಲಲ್ಲಿ ಮನೆಗೆ ಬಂದದ್ದೂ ಉಂಟು. ಹೀಗಿದ್ದರೂ ಕೈಯಲ್ಲಿ ಕಾಸಿದ್ದಾಗ ಒಬ್ಬನೇ ಕುಡಿದವನಲ್ಲ. ಗೆಳೆಯರಿಗೆ ಕುಡಿಸುವುದರಲ್ಲಿ ಎತ್ತಿದ ಕೈ.

ಅವನ ಬದುಕಿನುದ್ದಕ್ಕೂ ಮುಳ್ಳಿನಂತೆ ಚುಚ್ಚುತ್ತಿದ್ದ ಒಂದು ಘಟನೆ ಆ ದಿನಗಳದ್ದು. ಬೀದಿಯಲ್ಲಿ ಪಿಟೀಲು ನುಡಿಸಿ ಹೊಟ್ಟೆ ಹೊರೆಯುತ್ತಿದ್ದ ಬಡವನೊಬ್ಬ ಇವರ ಜೊತೆ ಕುಡಿಯಲು ಕೂಡಿಕೊಂಡ. ದುಡ್ಡು ಮುಗಿದಾಗ ಮ್ಯಾಟ್ ಮತ್ತು ಗೆಳೆಯರು ಅವನ ಪಿಟೀಲನ್ನೇ ಕದ್ದು ಮಾರಿ ಕುಡಿದುಬಿಟ್ಟರು. ಆ ಮನುಷ್ಯನಿಗೆ ಇದ್ದ ಒಂದೇ ಜೀವನಾಧಾರ ಅದು.

ಹೀಗೆಯೇ ಹದಿನಾರು ವರ್ಷ ಕಳೆಯಿತು. ಈ ಅವಧಿಯಲ್ಲೂ ಮ್ಯಾಟ್ ಭಾನುವಾರದ ಬಲಿಪೂಜೆ ತಪ್ಪಿಸಲಿಲ್ಲ ಎನ್ನುತ್ತಾರೆ. ಆದರೆ ಸಂಸ್ಕಾರಗಳಿಂದ ದೂರವೇ ಉಳಿದಿದ್ದ. ಹಿಂದಿನ ಬೆಂಚಿನಲ್ಲಿ ನಿಂತು ಹೋಗುವವರ ಮನಸ್ಸಿನಲ್ಲಿ ಏನಿರುತ್ತದೆಯೆಂದು ಮುಂದಿನ ಬೆಂಚಿನವರಿಗೆ ಗೊತ್ತಿರುವುದಿಲ್ಲ.

1884ರ ಒಂದು ಶನಿವಾರ. ಮ್ಯಾಟ್‌ಗೆ ಆಗ 28 ವರ್ಷ. ಆ ವಾರ ಕೆಲಸಕ್ಕೆ ಹೋಗಿರಲಿಲ್ಲ, ಆದ್ದರಿಂದ ಕೈಯಲ್ಲಿ ಕೂಲಿಯಿಲ್ಲ. ಬೆಳಿಗ್ಗೆಯಿಂದ ಗಂಟಲು ಒಣಗುತ್ತಿದೆ. ತಮ್ಮ ಫಿಲಿಪ್‌ನೊಂದಿಗೆ ಶರಾಬು ಅಂಗಡಿಯ ಹತ್ತಿರದ ಮೂಲೆಯಲ್ಲಿ ನಿಂತುಕೊಂಡ. ಮಧ್ಯಾಹ್ನ ಕೂಲಿ ಪಡೆದು ಗೆಳೆಯರು ಆ ದಾರಿಯಾಗಿಯೇ ಬರಬೇಕು. ಇವನ ದುಡ್ಡಿನಲ್ಲಿ ಎಷ್ಟೋ ಸಲ ಕುಡಿದವರು ಅವರು. ಇಂದು ಅವರಲ್ಲಿ ಯಾರಾದರೂ ಒಳಗೆ ಕರೆಯದೆ ಇರುತ್ತಾರೆಯೇ? ಒಬ್ಬೊಬ್ಬರಾಗಿ ಬಂದರು. ಕೆಲವರು ತಲೆಯಾಡಿಸಿ ಮುಂದೆ ಹೋದರು. ಒಬ್ಬನೂ ಕರೆಯಲಿಲ್ಲ.

ಮ್ಯಾಟ್ ಅಲ್ಲಿಂದ ನೇರ ಮನೆಗೆ ನಡೆದ. ಆ ಹೊತ್ತಿನಲ್ಲಿ ಮಗ ಅಮಲಿಲ್ಲದೆ ಮನೆಗೆ ಬಂದದ್ದನ್ನು ಕಂಡು ತಾಯಿಗೆ ಆಶ್ಚರ್ಯವಾಯಿತು. ಊಟವಾದ ಮೇಲೆ ಕುಡಿತ ಬಿಡುವ ಪ್ರತಿಜ್ಞೆ ತೆಗೆದುಕೊಳ್ಳುತ್ತೇನೆಂದು ಅವನು ಹೇಳಿದ. ಎಲಿಜಬೆತ್ ಹಿಗ್ಗಲಿಲ್ಲ. ಪಾಲಿಸುವ ಮನಸ್ಸಿಲ್ಲದಿದ್ದರೆ ಪ್ರತಿಜ್ಞೆ ಮಾಡಲೇಬೇಡ ಎಂದರು. ಅವನು ಹೊರಟು ನಿಂತಾಗ, ಅದನ್ನು ಪಾಲಿಸುವ ಶಕ್ತಿಯನ್ನು ದೇವರೇ ಕೊಡಲಿ ಎಂದು ಹರಸಿದರು. ಮಗನಲ್ಲಿ ಆ ಶಕ್ತಿ ಇಲ್ಲವೆಂದು ಹೆತ್ತ ತಾಯಿಗೆ ಗೊತ್ತಿತ್ತು. ಅದು ಬೇರೆ ಕಡೆಯಿಂದಲೇ ಬರಬೇಕೆಂದೂ ಗೊತ್ತಿತ್ತು. ದೈವಕೃಪೆಯ ಬಗ್ಗೆ ಧರ್ಮಸಭೆ ಕಲಿಸುವುದರಲ್ಲಿ ಬಹುಪಾಲು ಆ ತಾಯಿಯ ಹರಕೆಯಲ್ಲಿ ಇದೆಯೆಂದು ನಮ್ಮ ಅನಿಸಿಕೆ.

ಅಲ್ಲಿಂದ ಅವನು ಹೋದದ್ದು ಕ್ಲಾನ್‌ಲಿಫ್‌ನಲ್ಲಿರುವ ಹೋಲಿ ಕ್ರಾಸ್ ಗುರುಮಠಕ್ಕೆ. ಅಲ್ಲಿ ಒಬ್ಬ ಗುರುಗಳ ಬಳಿ ಪಾಪನಿವೇದನೆ ಮಾಡಿ ಪ್ರತಿಜ್ಞೆ ತೆಗೆದುಕೊಂಡ. ಜೀವಮಾನದ ಪ್ರತಿಜ್ಞೆಯಲ್ಲ, ಮೂರು ತಿಂಗಳದ್ದು ಮಾತ್ರ. ಅದಕ್ಕಿಂತ ಹೆಚ್ಚು ಹೇಳುವ ಧೈರ್ಯ ಅವನಿಗಿರಲಿಲ್ಲ. ಮರುದಿನ ಭಾನುವಾರ ಗಾರ್ಡಿನರ್ ಬೀದಿಯಲ್ಲಿರುವ ಸಂತ ಫ್ರಾನ್ಸಿಸ್ ಕ್ಸೇವಿಯರ್ ದೇವಾಲಯದಲ್ಲಿ, ಬೆಳಗಿನ ಐದು ಗಂಟೆಯ ಪೂಜೆಯಲ್ಲಿ ಪರಮ ಪ್ರಸಾದ ಸ್ವೀಕರಿಸಿದ.

ಸಾಮಾನ್ಯವಾಗಿ ಇಂತಹ ಕಥೆಗಳನ್ನು ಇಲ್ಲಿಗೆ ಮುಗಿಸಿಬಿಡುತ್ತಾರೆ. ಪಾಪಿ ಪಶ್ಚಾತ್ತಾಪಪಟ್ಟ, ಆಮೇಲೆ ಸಂತನಾಗಿ ಬಾಳಿದ ಎಂದು. ಮ್ಯಾಟ್ ವಿಷಯದಲ್ಲಿ ನಿಜವಾದ ಯುದ್ಧ ಸೋಮವಾರ ಬೆಳಿಗ್ಗೆ ಆರಂಭವಾಯಿತು.

ಕುಡಿತ ಬಿಟ್ಟ ಮೊದಲ ವಾರಗಳ ನರಕಯಾತನೆಯನ್ನು ಅನುಭವಿಸಿದವರೇ ಬಲ್ಲರು. ಇಂದಾದರೆ ಆಸ್ಪತ್ರೆಯಿದೆ, ಔಷಧಿಯಿದೆ, ಆಪ್ತಸಲಹೆಗಾರರಿದ್ದಾರೆ. ಅನಾಮಿಕ ಮದ್ಯವ್ಯಸನಿಗಳ ಎ.ಎ. ಸಂಘಟನೆ ಅಮೆರಿಕದಲ್ಲಿ ಆರಂಭವಾದದ್ದು 1935ರಲ್ಲಿ, ಮ್ಯಾಟ್ ತೀರಿಕೊಂಡ ಹತ್ತು ವರ್ಷಗಳ ನಂತರ. ಅವರಿಗೆ ಇದ್ಯಾವುದೂ ಇರಲಿಲ್ಲ. ಕೆಲಸ ಮುಗಿಸಿ ಬರುವ ದಾರಿಯಲ್ಲಿ ಮಾಮೂಲಿ ಅಂಗಡಿಗಳು, ಒಳಗಿನಿಂದ ಮಾಮೂಲಿ ನಗು. ಸಂಜೆಯ ಆ ಹೊತ್ತನ್ನು ಎಲ್ಲಿ ಕಳೆಯುವುದು? ಅವರು ದೇವಾಲಯಗಳ ಒಳಗೆ ಹೋಗಿ ಕೂರತೊಡಗಿದರು. ಭಕ್ತಿ ಉಕ್ಕಿಬಂದು ಹೋದದ್ದಲ್ಲ. ಮದ್ಯದ ವಾಸನೆಯಿಲ್ಲದ, ಕಾಸು ಕೇಳದ ಜಾಗ ಬೇರೆ ಇರಲಿಲ್ಲ. ಬಾಗಿಲು ಹಾಕುವವರೆಗೂ ಅಲ್ಲೇ ಇರುತ್ತಿದ್ದರು. ಪ್ರಾರ್ಥನೆ ಬಂದದ್ದು ಆಮೇಲೆ.

ಒಂದು ಸಂಜೆ ಸೋತೇ ಹೋದರು. ಜೇಬಿನಲ್ಲಿ ಸ್ವಲ್ಪ ದುಡ್ಡಿತ್ತು. ಕಾಲು ತಾನಾಗಿ ಒಂದು ಅಂಗಡಿಯೊಳಗೆ ಹೋಯಿತು. ಅಂದು ಗಿರಾಕಿಗಳ ನೂಕುನುಗ್ಗಲು. ಬಡಿಸುವವನು ಪರಿಚಯದವರತ್ತ ಓಡಾಡುತ್ತಾ ಮೂಲೆಯಲ್ಲಿ ನಿಂತಿದ್ದ ಈ ಅಪರಿಚಿತನತ್ತ ತಿರುಗಿಯೂ ನೋಡಲಿಲ್ಲ. ಕಾದು ಕಾದು ಬೇಸರಗೊಂಡು ಮ್ಯಾಟ್ ಹೊರಬಿದ್ದರು. ನೇರ ಜೆಸ್ವಿತರ ದೇವಾಲಯಕ್ಕೆ ಹೋಗಿ ಬಾಗಿಲು ಮುಚ್ಚುವವರೆಗೆ ಕುಳಿತರು. ಆ ರಾತ್ರಿ ಒಂದು ತೀರ್ಮಾನ ಮಾಡಿದರು: ಇನ್ನು ಮುಂದೆ ಜೇಬಿನಲ್ಲಿ ಹಣ ಇಟ್ಟುಕೊಂಡು ಹೊರಗೆ ಹೋಗುವುದಿಲ್ಲ. ಬಹುಕಾಲ ಹಾಗೆಯೇ ನಡೆದುಕೊಂಡರು.

ಈ ಘಟನೆಯನ್ನು ಓದಿದಾಗ ನಮಗೆ ಮೊದಲು ನಗು ಬಂತು. ದೇವರ ಕೃಪೆ ಎಂದರೆ ಆಕಾಶದಿಂದ ಇಳಿಯುವ ಬೆಳಕು ಎಂದು ನಾವು ಭಾವಿಸಿಕೊಂಡಿರುತ್ತೇವೆ. ಇಲ್ಲಿ ಅದು ಒಮ್ಮೆ ಜಿಪುಣ ಗೆಳೆಯರ ರೂಪದಲ್ಲಿ ಬಂತು, ಇನ್ನೊಮ್ಮೆ ಗಡಿಬಿಡಿಯ ಮಾಣಿಯ ರೂಪದಲ್ಲಿ ಬಂತು. ಆದರೂ ಒಂದು ಮಾತು. ಮಾಣಿ ಲಕ್ಷ್ಯ ಕೊಡಲಿಲ್ಲವೆಂದು ಪಕ್ಕದ ಅಂಗಡಿಗೆ ಹೋಗಬಹುದಿತ್ತಲ್ಲ? ಡಬ್ಲಿನ್‌ನಲ್ಲಿ ಅಂಗಡಿಗಳಿಗೇನು ಬರವೇ? ಹೋದದ್ದು ದೇವಾಲಯಕ್ಕೆ. ತೆರೆದುಕೊಂಡ ಬಾಗಿಲಿನ ಒಳಗೆ ಕಾಲಿಡುವ ಕೆಲಸ ಮನುಷ್ಯನದ್ದೇ.

ಮೂರು ತಿಂಗಳು ತುಂಬುವ ಮೊದಲು ಮನೆಯಲ್ಲಿ ಗೊಣಗಿದ್ದೂ ಇದೆ. ಇದು ತನ್ನಿಂದ ಆಗದು, ಅವಧಿ ಮುಗಿದೊಡನೆ ಮತ್ತೆ ಕುಡಿಯುವವನೇ ಎಂದು ತಾಯಿಯ ಹತ್ತಿರ ಹೇಳಿಕೊಂಡಿದ್ದರು. ಆಕೆ ಸಮಾಧಾನ ಹೇಳಿ ಪ್ರಾರ್ಥಿಸಿದರು. ಅವಧಿ ಮುಗಿದಾಗ ಇನ್ನಷ್ಟು ತಿಂಗಳು ಮುಂದುವರಿಸಿದರು, ಆಮೇಲೆ ಜೀವಮಾನಕ್ಕೆ.

ಇನ್ನೊಂದು ಬಗೆಯ ಪ್ರಲೋಭನೆ ಅವರನ್ನು ಕಾಡಿತು. ಅದು ಕುಡಿತಕ್ಕಿಂತ ಭಯಾನಕ ಎಂದು ನಮಗೆ ಅನಿಸುತ್ತದೆ. ಒಂದು ಭಾನುವಾರ ಪರಮ ಪ್ರಸಾದಕ್ಕೆ ಎದ್ದಾಗ, ಇದೆಲ್ಲ ವ್ಯರ್ಥ, ನೀನು ಮತ್ತೆ ಬೀಳುವವನೇ, ನಿನಗೇಕೆ ಈ ನಾಟಕ ಎಂಬ ನಿರಾಶೆ ಒಳಗಿನಿಂದ ತಡೆಯಿತಂತೆ. ಹೊರಗೆ ಬಂದು ಇನ್ನೊಂದು ದೇವಾಲಯಕ್ಕೆ ಹೋದರು, ಅಲ್ಲಿಯೂ ಅದೇ. ಕೊನೆಗೆ ದೇವಾಲಯದ ಮೆಟ್ಟಿಲ ಮೇಲೆ, ಬರುವ ಹೋಗುವ ಜನರ ನಡುವೆ, ಕೈಚಾಚಿ ಮಕಾಡೆ ಮಲಗಿ ಪ್ರಾರ್ಥಿಸಿದರು ಎಂದು ಜೀವನ ಚರಿತ್ರಕಾರರು ಬರೆದಿದ್ದಾರೆ. ಸಂಕಟ ಕರಗಿತು. ಎದ್ದು ಒಳಗೆ ಹೋಗಿ ಪ್ರಭುವನ್ನು ಸ್ವೀಕರಿಸಿದರು. ಸೈತಾನನಿಗೆ ಪಾಪಕ್ಕಿಂತ ಪ್ರಿಯವಾದದ್ದು ಪಾಪಿಯ ನಿರಾಶೆ ಎಂದು ಹಿರಿಯ ಗುರುಗಳು ಹೇಳುವುದನ್ನು ನಾವೆಲ್ಲ ಕೇಳಿದ್ದೇವೆ. ಆ ಮೆಟ್ಟಿಲ ಮೇಲೆ ಬಿದ್ದುಕೊಂಡಿದ್ದ ಮನುಷ್ಯನಿಗೆ ಅದು ಅನುಭವಕ್ಕೆ ಬಂತು.

ಕುಡಿತದ ನಂತರ ಹೊಗೆಸೊಪ್ಪು. ಅದನ್ನು ಬಿಡುವುದು ಕುಡಿತಕ್ಕಿಂತ ಕಷ್ಟವಾಯಿತೆಂದು ಅವರೇ ಹೇಳುತ್ತಿದ್ದರಂತೆ. ಒಬ್ಬ ಜೊತೆಗಾರ ಸ್ವಲ್ಪ ತಂಬಾಕು ಕೇಳಿದಾಗ ಆಗತಾನೇ ಕೊಂಡಿದ್ದ ತಂಬಾಕು ಮತ್ತು ಪೈಪು ಎರಡನ್ನೂ ಅವನ ಕೈಗಿತ್ತು ಕೈತೊಳೆದುಕೊಂಡರು. ಕೂಲಿಕಾರರ ನಡುವೆ ಬೆಳೆದ ನಾಲಿಗೆಗೆ ಬೈಗುಳ, ಆಣೆಪ್ರಮಾಣ ಸಲೀಸು. ಅದನ್ನು ಹಿಡಿತಕ್ಕೆ ತರಲು ಅಂಗಿಯ ತೋಳಿನಲ್ಲಿ ಎರಡು ಗುಂಡುಸೂಜಿಗಳನ್ನು ಶಿಲುಬೆಯಾಕಾರದಲ್ಲಿ ಚುಚ್ಚಿಕೊಂಡಿರುತ್ತಿದ್ದರು. ಕೋಪ ಬಂದಾಗ ಕಣ್ಣು ಅದರ ಮೇಲೆ ಬೀಳಲಿ ಎಂದು. ದೊಡ್ಡ ದೊಡ್ಡ ಸಂಕಲ್ಪಗಳಿಗಿಂತ ಈ ಗುಂಡುಸೂಜಿಯ ಉಪಾಯ ನಮಗೆ ಬಹಳ ಹಿಡಿಸಿತು.

ಸಾಲ ಮಾಡಿದ್ದ ಅಂಗಡಿಗಳಿಗೆಲ್ಲ ಹೋಗಿ ಸ್ವಲ್ಪಸ್ವಲ್ಪವಾಗಿ ತೀರಿಸಿದರು. ಉಳಿದದ್ದು ಆ ಪಿಟೀಲು. ಅದರ ಒಡೆಯನನ್ನು ಹುಡುಕುತ್ತಾ ಮ್ಯಾಟ್ ವರ್ಷಗಟ್ಟಲೆ ಅಲೆದರು. ಬೀದಿಗಳಲ್ಲಿ ಹುಡುಕಿದರು, ದಿಕ್ಕಿಲ್ಲದ ಬಡವರನ್ನು ಇಡುತ್ತಿದ್ದ ಆಶ್ರಯಾಲಯಗಳಲ್ಲಿ ವಿಚಾರಿಸಿದರು. ಸಿಗಲಿಲ್ಲ. ಕೊನೆಗೆ ಅವನು ತೀರಿಕೊಂಡಿರಬೇಕೆಂದು ಬಗೆದು, ಪಿಟೀಲಿನ ಬೆಲೆಯ ಹಣದಿಂದ ಅವನ ಆತ್ಮಕ್ಕಾಗಿ ಬಲಿಪೂಜೆಗಳನ್ನು ಅರ್ಪಿಸಿದರು. ಪಾಪಕ್ಕೆ ಕ್ಷಮೆ ಒಂದು ಶನಿವಾರ ಸಂಜೆಯೇ ಸಿಕ್ಕಿತ್ತು. ಮಾಡಿದ ಹಾನಿಯನ್ನು ಸರಿಪಡಿಸುವ ಕೆಲಸ ಮಾತ್ರ ಬಹಳ ಕಾಲ ಹಿಡಿಯಿತು, ಮತ್ತು ಪೂರ್ತಿಯಾಗಲೇ ಇಲ್ಲ. ಪಾಪನಿವೇದನೆಯ ನಂತರ ಗುರುಗಳು ಹೇಳುವ ಪ್ರಾಯಶ್ಚಿತ್ತವನ್ನು ಮೂರು ನಮೋ ಮರಿಯದಲ್ಲಿ ಮುಗಿಸಿ ಗಡಿಯಾರ ನೋಡುವ ನಮಗೆ ಈ ಹುಡುಕಾಟ ಸ್ವಲ್ಪ ಇರುಸುಮುರುಸು ಉಂಟುಮಾಡುತ್ತದೆ.

ಮದುವೆಯ ಪ್ರಸ್ತಾಪವೂ ಒಮ್ಮೆ ಬಂತು. ಕೆಲಸ ಮಾಡುತ್ತಿದ್ದ ಮನೆಯೊಂದರಲ್ಲಿ ಅಡುಗೆಯಾಕೆ ಇವರ ಸೌಮ್ಯತೆ ಮೆಚ್ಚಿ ಕೇಳಿದರು. ಮ್ಯಾಟ್ ಒಂಬತ್ತು ದಿನಗಳ ನೊವೆನಾ ಮಾಡಿ, ಒಂಟಿಯಾಗಿ ಉಳಿಯುವುದೇ ತಮ್ಮ ದಾರಿ ಎಂದು ತಿಳಿಸಿದರು. 1890ರಲ್ಲಿ ಸಂತ ಫ್ರಾನ್ಸಿಸರ ತೃತೀಯ ಸಭೆಗೆ ಸೇರಿದರು. 1892ರ ಸುಮಾರಿಗೆ ಟಿ. ಅಂಡ್ ಸಿ. ಮಾರ್ಟಿನ್ ಎಂಬ ಮರದ ವ್ಯಾಪಾರಿಗಳ ಯಾರ್ಡಿನಲ್ಲಿ ಕೆಲಸ ಹಿಡಿದರು. ಅಲ್ಲಿ ಕೆಲಸ ಎಂಟು ಗಂಟೆಗೆ ಆರಂಭ, ಹಾಗಾಗಿ ಬೆಳಗಿನ ಪೂಜೆ ತಪ್ಪುವುದಿಲ್ಲ. ಹಡಗಿನಿಂದ ಮರ ಇಳಿಸುವುದು, ಹೊರುವುದು, ಅಟ್ಟಿ ಹಾಕುವುದು. ಒಂದು ಲೋಡಿಗೂ ಇನ್ನೊಂದಕ್ಕೂ ನಡುವೆ ಬಿಡುವು ಸಿಕ್ಕಿದರೆ ಶೆಡ್ಡಿನ ಮೂಲೆಯಲ್ಲಿ ಮೊಣಕಾಲೂರಿ ಪ್ರಾರ್ಥಿಸುತ್ತಿದ್ದರು. ಜೊತೆಗಾರರು ಗೇಲಿ ಮಾಡಿದ್ದು ಇದ್ದರೂ ಕಷ್ಟಕ್ಕೆ ಕೈಸಾಲ ಕೇಳಲು ಬರುತ್ತಿದ್ದದ್ದು ಇವರ ಬಳಿಗೇ. ಹಿಂತಿರುಗಿ ಕೇಳುವುದಿಲ್ಲವೆಂದು ಗೊತ್ತಿತ್ತು.

ಓದು ಬರಹ ಅರ್ಧಂಬರ್ಧ ಕಲಿತಿದ್ದ ಇವರು ಇಟ್ಟುಕೊಂಡಿದ್ದ ಪುಸ್ತಕಗಳನ್ನು ನೋಡಿದರೆ ಬೆರಗಾಗುತ್ತದೆ. ಬೈಬಲ್ ಅಲ್ಲದೆ ಸಂತ ಅಗಸ್ಟೀನರ ಆತ್ಮನಿವೇದನೆ, ಆವಿಲಾದ ಸಂತ ತೆರೇಸಾ, ಸಂತ ಫ್ರಾನ್ಸಿಸ್ ಡಿ ಸೇಲ್ಸ್, ಸಂತ ಲೂಯಿ ಡಿ ಮಾಂಟ್‌ಫೋರ್ಟ್. ಅರ್ಥವಾಗದ ಭಾಗಗಳನ್ನು ಗುರುಗಳ ಬಳಿ ಕೇಳುತ್ತಿದ್ದರು. ಮನಸ್ಸಿಗೆ ತಾಗಿದ ಮಾತುಗಳನ್ನು ತಪ್ಪು ಕಾಗುಣಿತದಲ್ಲಿ ಚೀಟಿಗಳ ಮೇಲೆ ಬರೆದು ಪುಟಗಳ ನಡುವೆ ಇಡುತ್ತಿದ್ದರು. ಪ್ರತಿದಿನ ಪರಮ ಪ್ರಸಾದ ಸ್ವೀಕರಿಸುವುದು ಆ ಕಾಲದಲ್ಲಿ ಸಾಮಾನ್ಯ ಜನರ ರೂಢಿಯಾಗಿರಲಿಲ್ಲ. ಅದನ್ನು ಎಲ್ಲರಿಗೂ ಶಿಫಾರಸು ಮಾಡಿ ಪೋಪ್ ಹತ್ತನೇ ಪಿಯೂಸರು ಆದೇಶ ಹೊರಡಿಸಿದ್ದು 1905ರಲ್ಲಿ. ಅದು ಬಲಿಷ್ಠರಿಗೆ ಕೊಡುವ ಬಹುಮಾನವಲ್ಲ, ದುರ್ಬಲರ ಔಷಧಿ ಎಂದು ಮ್ಯಾಟ್ ಆಗಲೇ ಕಂಡುಕೊಂಡಿದ್ದರು.

1913ರಲ್ಲಿ ಡಬ್ಲಿನ್‌ನ ಮಾಲೀಕರು ಕಾರ್ಮಿಕ ಸಂಘದ ಸದಸ್ಯರನ್ನು ಕೆಲಸದಿಂದ ಹೊರಗಿಟ್ಟು ಬೀಗ ಹಾಕಿದ್ದು ಇತಿಹಾಸ. ಸುಮಾರು ಇಪ್ಪತ್ತು ಸಾವಿರ ಕಾರ್ಮಿಕರು ಐದಾರು ತಿಂಗಳು ಕೂಲಿಯಿಲ್ಲದೆ ಕಂಗಾಲಾದರು. ಮ್ಯಾಟ್ ಕೂಡ ಸಂಘದ ಸದಸ್ಯರು. ಭಾಷಣ ಮಾಡಿದವರಲ್ಲ, ಆದರೆ ಸಂಸಾರವಿದ್ದ ಕಾರ್ಮಿಕರಿಗೆ ಸಿಗುವ ಕೂಲಿ ಸಾಲದು ಎಂಬ ವಿಷಯದಲ್ಲಿ ಅವರಿಗೆ ಸಂಶಯವಿರಲಿಲ್ಲ. ಸಂಘದಿಂದ ಬಂದ ಹಣವನ್ನು ಹೆಂಡತಿ ಮಕ್ಕಳಿರುವವರಿಗೆ ಹಂಚುತ್ತಿದ್ದರು.

ತಂದೆ 1899ರಲ್ಲಿ ತೀರಿಕೊಂಡ ಮೇಲೆ ತಾಯಿಯನ್ನು ಮ್ಯಾಟ್ ತಮ್ಮ ಜೊತೆಯಲ್ಲೇ ಇರಿಸಿಕೊಂಡರು. ಮಗ ರಾತ್ರಿ ಎರಡು ಗಂಟೆಗೆ ಎದ್ದು ಪ್ರಾರ್ಥಿಸುವುದನ್ನು ಆಕೆ ನೋಡಿದ್ದರು. 1915ರಲ್ಲಿ ಎಲಿಜಬೆತ್ ಕಣ್ಣುಮುಚ್ಚಿದರು. ಅನಂತರ ಅಪ್ಪರ್ ರಟ್‌ಲ್ಯಾಂಡ್ ಬೀದಿಯ ಒಂದು ಕೋಣೆಯಲ್ಲಿ ಒಂಟಿ ಜೀವನ. ಮಂಚದ ಮೇಲೆ ಹಾಸಿಗೆಯ ಬದಲು ಹಲಗೆ, ದಿಂಬಿನ ಬದಲು ಮರದ ತುಂಡು. ಹೆಚ್ಚಿನ ದಿನ ಒಣ ರೊಟ್ಟಿ, ಜೊತೆಗೆ ಕೋಕೋ.

ಇಲ್ಲಿ ನಾವು ಸ್ವಲ್ಪ ನಿಂತು ಯೋಚಿಸಬೇಕಾಗಿದೆ. ಮ್ಯಾಟ್ ಬಟ್ಟೆಯ ಒಳಗೆ ಮೈಗೆ ಸರಪಳಿ ಸುತ್ತಿಕೊಂಡಿದ್ದರು. ಮಾತೆ ಮರಿಯಮ್ಮನವರ ದಾಸನೆಂಬ ಗುರುತಾಗಿ ಧರಿಸುವ ಈ ಪದ್ಧತಿ ಸಂತ ಮಾಂಟ್‌ಫೋರ್ಟರ ಬರಹದಿಂದ ಬಂದದ್ದು. ಅವರ ಆತ್ಮಿಕ ಮಾರ್ಗದರ್ಶಕರಾಗಿದ್ದ ಗುರುಮಠದ ಪ್ರಾಧ್ಯಾಪಕರೊಬ್ಬರ ಅನುಮತಿಯೂ ಇತ್ತು. ಆದರೂ ಇಂದಿನ ಓದುಗರಿಗೆ ಇದು ಅತಿಯೆನಿಸಿದರೆ ತಪ್ಪಿಲ್ಲ. ನಮಗೂ ಹಾಗೆಯೇ ಅನಿಸುತ್ತದೆ. ಯಾರೂ ಇದನ್ನು ಅನುಕರಿಸಬೇಕಾಗಿಲ್ಲ. ಹದಿನಾರು ವರ್ಷ ಅವರು ಹೊತ್ತಿದ್ದ ಇನ್ನೊಂದು ಸರಪಳಿ ಯಾರ ಕಣ್ಣಿಗೂ ಕಾಣುತ್ತಿರಲಿಲ್ಲ, ಅದಕ್ಕೆ ಯಾರ ಅನುಮತಿಯೂ ಇರಲಿಲ್ಲ ಎಂಬುದನ್ನು ಮಾತ್ರ ಜೊತೆಗೆ ನೆನೆಯಬೇಕು.

ಇನ್ನೊಂದು ಪ್ರಶ್ನೆಯನ್ನು ನಮ್ಮ ಓದುಗರಲ್ಲಿ ಕೆಲವರು ಖಂಡಿತ ಕೇಳುತ್ತಾರೆ. ಕುಡಿತ ಪಾಪವೋ ರೋಗವೋ? ವೈದ್ಯರು ಅದನ್ನು ರೋಗವೆಂದು ಪರಿಗಣಿಸುತ್ತಾರೆ, ಚಿಕಿತ್ಸೆ ಕೊಡುತ್ತಾರೆ. ಧರ್ಮಸಭೆಯ ಧರ್ಮೋಪದೇಶ ಗ್ರಂಥವೂ ಅಭ್ಯಾಸ, ಭಯ ಮುಂತಾದ ಕಾರಣಗಳಿಂದ ಮನುಷ್ಯನ ಹೊಣೆ ಕಡಿಮೆಯಾಗಬಹುದು ಎಂದು ಒಪ್ಪುತ್ತದೆ. ಮನೆಯಲ್ಲಿ ಕುಡಿಯುವವರಿದ್ದರೆ ಅವರಿಗೆ ಮ್ಯಾಟ್ ಕಥೆ ಹೇಳಿ ಹಂಗಿಸಬೇಡಿ ಎಂದು ನಾವು ವಿನಂತಿಸುತ್ತೇವೆ. ಮನಸ್ಸು ಗಟ್ಟಿಮಾಡಿದರೆ ಬಿಡಬಹುದು ಎಂಬ ಮಾತನ್ನು ಈ ಕಥೆ ಹೇಳುವುದೇ ಇಲ್ಲ. ಮ್ಯಾಟ್ ಗಟ್ಟಿ ಮನಸ್ಸಿನವರಾಗಿದ್ದರೆ ಜೇಬು ಖಾಲಿ ಮಾಡಿಕೊಂಡು ತಿರುಗುವ ಅಗತ್ಯವಿರಲಿಲ್ಲ. ತಮ್ಮ ಮೇಲೆ ತಮಗೆ ನಂಬಿಕೆಯಿಲ್ಲ ಎಂಬುದನ್ನು ಒಪ್ಪಿಕೊಂಡೇ ಅವರು ಪ್ರತಿದಿನ ಬೆಳಿಗ್ಗೆ ದೇವಾಲಯದ ಬಾಗಿಲು ತೆರೆಯುವುದನ್ನು ಕಾಯುತ್ತಾ ಹೊರಗೆ ಮೊಣಕಾಲೂರಿರುತ್ತಿದ್ದರು. ಇಂದು ಆಸ್ಪತ್ರೆಗೆ ಹೋಗುವುದೂ, ಎ.ಎ. ಸಭೆಯಲ್ಲಿ ಎದ್ದುನಿಂತು ತನ್ನ ಹೆಸರು ಹೇಳುವುದೂ ಅಂತಹದೇ ಒಪ್ಪಿಗೆ.

1923ರಲ್ಲಿ ಆರೋಗ್ಯ ಕೆಟ್ಟಿತು. ಮೂತ್ರಪಿಂಡ ಮತ್ತು ಹೃದಯದ ತೊಂದರೆ. ಮೇಟರ್ ಆಸ್ಪತ್ರೆಗೆ ಸೇರಿಸಬೇಕಾಯಿತು, ದುಡಿಮೆ ನಿಂತಿತು. ಚೀನಾದಲ್ಲಿ ಶುಭಸಂದೇಶ ಸಾರಲು ಹೊರಟಿದ್ದ ಐರಿಶ್ ಮಿಷನರಿ ಗುರುಗಳಿಗೆ ಮ್ಯಾಟ್ ಬಹಳ ಕಾಲದಿಂದ ಹಣ ಕಳುಹಿಸುತ್ತಿದ್ದರು. 1924ರ ಕೊನೆಯಲ್ಲಿ ಅವರು ಸಹಾಯ ಕೇಳಿದಾಗ ವ್ಯಾಕರಣ ತಪ್ಪಿದ ಒಂದು ಚೀಟಿ ಬರೆದರು. ಹದಿನೆಂಟು ತಿಂಗಳಿಂದ ಕೆಲಸವಿಲ್ಲ, ಗುರುಗಳೂ ವೈದ್ಯರೂ ಆಸೆ ಬಿಟ್ಟಿದ್ದಾರೆ, ಇನ್ನು ದುಡಿಯುವೆನೆಂದು ಅನಿಸುವುದಿಲ್ಲ ಎಂದು ತಿಳಿಸಿ, ತಮ್ಮದೊಂದು ಪೌಂಡು ಮತ್ತು ಸಹೋದರಿಯ ಹತ್ತು ಶಿಲಿಂಗು ಇಟ್ಟು ಕಳುಹಿಸಿದರು. ಆ ಮೇಲೂ 1925ರಲ್ಲಿ ಸ್ವಲ್ಪ ಚೇತರಿಸಿಕೊಂಡು ಮರದ ಯಾರ್ಡಿಗೆ ಮರಳಿದರು.

1925ರ ಜೂನ್ 7, ಪವಿತ್ರ ತ್ರಿತ್ವದ ಭಾನುವಾರ. ಒಂದು ಪೂಜೆ ಮುಗಿಸಿ ಇನ್ನೊಂದಕ್ಕೆ, ಡೊಮಿನಿಕನ್ನರ ಸಂತ ಸೇವಿಯರ್ ದೇವಾಲಯದತ್ತ ಗ್ರಾನ್ಬಿ ಲೇನ್ ಎಂಬ ಓಣಿಯಲ್ಲಿ ನಡೆಯುತ್ತಿದ್ದಾಗ ಮ್ಯಾಟ್ ಕುಸಿದುಬಿದ್ದರು. ಹತ್ತಿರದ ಅಂಗಡಿಯವರು ನೀರು ತಂದುಕೊಟ್ಟರು. ದೇವಾಲಯದಿಂದ ಗುರುಗಳು ಓಡಿಬಂದರು. ಅಷ್ಟರಲ್ಲಿ ಎಲ್ಲ ಮುಗಿದಿತ್ತು. ವಯಸ್ಸು 69. ಸತ್ತವರು ಯಾರೆಂದು ಅಲ್ಲಿದ್ದವರಿಗೆ ತಿಳಿಯಲಿಲ್ಲ. ಶವವನ್ನು ಜರ್ವಿಸ್ ಬೀದಿಯ ಆಸ್ಪತ್ರೆಗೆ ಒಯ್ದು ಬಟ್ಟೆ ಬಿಚ್ಚಿದಾಗ ಸೊಂಟದಲ್ಲಿ, ತೋಳಿನಲ್ಲಿ, ಕಾಲಿನಲ್ಲಿ ಸರಪಳಿ ಮತ್ತು ಹಗ್ಗ ಕಂಡುಬಂದವು. ಸಹೋದರಿ ಬಂದು ಗುರುತು ಹಿಡಿದರು. ಜೂನ್ 11ರಂದು, ಪರಮ ಪ್ರಸಾದದ ಹಬ್ಬದ ದಿನ, ಗ್ಲಾಸ್‌ನೆವಿನ್ ಸ್ಮಶಾನದಲ್ಲಿ ಮಣ್ಣು ಮಾಡಿದರು. ಶವಯಾತ್ರೆಗೆ ಬಂದವರು ಕೆಲವೇ ಮಂದಿ.

ಆ ಸರಪಳಿಯ ಸುದ್ದಿಯಿಂದಲೇ ಜನ ಈ ಮನುಷ್ಯ ಯಾರೆಂದು ವಿಚಾರಿಸತೊಡಗಿದರು. 1926ರಲ್ಲಿ ಸರ್ ಜೋಸೆಫ್ ಗ್ಲಿನ್ ಎಂಬವರು ಒಂದು ಕಿರುಪುಸ್ತಕ ಬರೆದರು. 1931ರಲ್ಲಿ ಡಬ್ಲಿನ್ ಮಹಾಧರ್ಮಾಧ್ಯಕ್ಷರು ವಿಚಾರಣೆ ಆರಂಭಿಸಿದರು. ಜೊತೆಯಲ್ಲಿ ಮರ ಹೊತ್ತ ಕೂಲಿಗಳು, ವಠಾರದ ನೆರೆಯವರು, ಸಹೋದರಿಯರು ಸಾಕ್ಷಿ ಹೇಳಿದರು. 1975ರ ಅಕ್ಟೋಬರ್ 3ರಂದು ಪೋಪ್ ಆರನೇ ಪೌಲರು ಅವರನ್ನು ವೆನರೇಬಲ್, ಅಂದರೆ ವಂದನೀಯರು ಎಂದು ಘೋಷಿಸಿದರು. ಮುಂದಿನ ಮೆಟ್ಟಿಲಿಗೆ ಅವರ ಮಧ್ಯಸ್ಥಿಕೆಯಿಂದ ನಡೆದ ಒಂದು ಅದ್ಭುತ ದೃಢಪಡಬೇಕು. ಕುಡಿತ ಬಿಟ್ಟು ಮನೆ ಸೇರಿದವರ ಸಂಖ್ಯೆಯನ್ನು ಅದ್ಭುತವೆಂದು ಲೆಕ್ಕ ಹಾಕುವ ಪದ್ಧತಿ ಇಲ್ಲವಾದ್ದರಿಂದ ತಡವಾಗುತ್ತಿದೆ ಎಂದು ನಮಗೆ ಒಮ್ಮೊಮ್ಮೆ ಅನಿಸುವುದುಂಟು.

ಅವರ ಶರೀರವನ್ನು 1972ರಲ್ಲಿ ಶಾನ್ ಮ್ಯಾಕ್‌ಡರ್ಮಟ್ ಬೀದಿಯ ಲೂರ್ದು ಮಾತೆಯ ದೇವಾಲಯಕ್ಕೆ ತಂದಿರಿಸಲಾಗಿದೆ. ಸಮಾಧಿಯ ಗಾಜಿನ ಮೂಲಕ ಪೆಟ್ಟಿಗೆ ಕಾಣಿಸುತ್ತದೆ. ಆ ಬೀದಿ ಅವರು ಹುಟ್ಟಿ ಬೆಳೆದ, ಕುಡಿದು ಬಿದ್ದ ಓಣಿಗಳ ನಡುವೆಯೇ ಇದೆ. ಅಲ್ಲಿಂದ ಸ್ವಲ್ಪ ದೂರದಲ್ಲಿ ಲಿಫಿ ನದಿಗೆ 1978ರಲ್ಲಿ ಕಟ್ಟಿದ ಸೇತುವೆಗೆ ಟಾಲ್ಬೋಟ್ ಹೆಸರಿಟ್ಟಿದ್ದಾರೆ. ತಂದೆಯ ಜೊತೆ ಹುಡುಗ ಮ್ಯಾಟ್ ಕೆಲಸಕ್ಕೆ ಹೋಗುತ್ತಿದ್ದ ಬಂದರಿನ ಹಳೆಯ ಗೋದಾಮುಗಳು ಇದ್ದದ್ದು ಆ ನದಿಯ ದಡದಲ್ಲೇ.